ಸಿಎಫ್‌ಐ ಚೆಕ್‌ರೈಡ್ ಪಾಸಾಗಿದೆಯಾ? ಹಾಗಾದರೆ ಫ್ಲೈಟ್ ರಿವ್ಯೂ ಲೆಕ್ಕ ಹೀಗೆ ಹಾಕಿ

ಅಮೆರಿಕದಲ್ಲಿ ಪೈಲಟ್ ಸರ್ಟಿಫಿಕೇಟ್‌ಗೆ ಎಕ್ಸ್‌ಪೈರಿ ಅನ್ನೋದೇ ಇಲ್ಲ. ಆದರೆ ಪೈಲಟ್ ಇನ್ ಕಮಾಂಡ್ ಆಗಿ ಹಾರಬೇಕಾದರೆ ಹಿಂದಿನ 24 ತಿಂಗಳಲ್ಲಿ ಒಂದು ಫ್ಲೈಟ್ ರಿವ್ಯೂ, ಅಂದರೆ ಇನ್‌ಸ್ಟ್ರಕ್ಟರ್ ಜೊತೆ ಕೂತು ಮಾಡುವ ಮರುಪರಿಶೀಲನೆ, ಆಗಿರಬೇಕು. ಕನಿಷ್ಠ ಒಂದು ಗಂಟೆ ಗ್ರೌಂಡ್ (ನೆಲದ ಮೇಲಿನ ಪಾಠ), ಒಂದು ಗಂಟೆ ಹಾರಾಟ, ಆಮೇಲೆ ಲಾಗ್‌ಬುಕ್‌ನಲ್ಲಿ ಇನ್‌ಸ್ಟ್ರಕ್ಟರ್ ಸಹಿ. ಅಲ್ಲಿನ ವಿಮಾನಯಾನ ನಿಯಂತ್ರಕ ಎಫ್‌ಎಎಯ ನಿಯಮ 61.56 ಹೇಳೋದು ಇದನ್ನೇ.

ಸಿಎಫ್‌ಐ (ಹಾರಾಟ ಕಲಿಸುವ ಇನ್‌ಸ್ಟ್ರಕ್ಟರ್) ಚೆಕ್‌ರೈಡ್, ಅಂದರೆ ಎಕ್ಸಾಮಿನರ್ ನಡೆಸುವ ಪ್ರಾಕ್ಟಿಕಲ್ ಟೆಸ್ಟ್, ಪಾಸಾದವರು ಇದನ್ನು ಬೇರೆಯಾಗಿ ಮಾಡಬೇಕಿಲ್ಲ. ಮೊದಲು ಇಲ್ಲೊಂದು ತಕರಾರಿತ್ತು. ಇನ್‌ಸ್ಟ್ರಕ್ಟರ್ ಕಾರ್ಡೇ ಬೇರೆ, ಪೈಲಟ್ ಕಾರ್ಡೇ ಬೇರೆ, ಹಳೇ ನಿಯಮದಲ್ಲಿ ಇದ್ದದ್ದು ಪೈಲಟ್ ಸರ್ಟಿಫಿಕೇಟಿನ ಮಾತು ಮಾತ್ರ, ಹಾಗಾಗಿ ಎಕ್ಸಾಮಿನರ್ ಹತ್ತಿರ ರಿವ್ಯೂಗೆ ಅಂತ ಇನ್ನೊಂದು ಸಹಿ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ದಿನವಿಡೀ ಬಲಗಡೆ ಸೀಟಿನಲ್ಲಿ ಬೆವರು ಸುರಿಸಿದ ಮೇಲೂ ಈ ಗೋಳು! 2013ರಲ್ಲಿ ನಿಯಮ ತಿದ್ದಿದರು. ಈಗ ಹೊಸ ಸಿಎಫ್‌ಐ ಆಗಲಿ, ಡಬಲ್ ಐ (ಇನ್‌ಸ್ಟ್ರುಮೆಂಟ್ ಹಾರಾಟ ಕಲಿಸುವ ರೇಟಿಂಗ್) ಸೇರಿಸಿದ್ದಾಗಲಿ, ಅವಧಿ ಮುಗಿದದ್ದನ್ನು ಮತ್ತೆ ಪಡೆದದ್ದಾಗಲಿ, ಪ್ರಾಕ್ಟಿಕಲ್ ಟೆಸ್ಟ್ ಪಾಸಾದರೆ ಸಾಕು.

ಮೊದಲು ಪಾಸಾದಾಗ ಕೊಟ್ಟ ಟೆಂಪರರಿ ಸರ್ಟಿಫಿಕೇಟ್ ತೆಗೆದು ತಾರೀಖು ನೋಡಿ. 2025ರ ಮಾರ್ಚ್ 10 ಅಂತಿದ್ದರೆ ಗಡುವು 2027ರ ಮಾರ್ಚ್ 31. ಲೆಕ್ಕ ತಿಂಗಳಿನದು, ದಿನದ್ದಲ್ಲ. ಲಾಗ್‌ಬುಕ್‌ನಲ್ಲಿ ಆ ಚೆಕ್‌ರೈಡ್ ಸಾಲಿನ ಪಕ್ಕ "61.56(d)" ಅಂತ ನೀವೇ ಬರೆದಿಡಿ. ಕಡ್ಡಾಯವೇನಲ್ಲ, ಆದರೆ ವಿಮಾನ ಬಾಡಿಗೆಗೆ ಕೊಡುವವರು "ರಿವ್ಯೂ ಸಹಿ ಎಲ್ಲಿ?" ಅಂತ ಪುಟ ತಿರುವಿದಾಗ ಕೈಗೆ ಬರುತ್ತದೆ.

ಜಾಸ್ತಿ ಜನ ಎಡವೋದು ಎಫ್‌ಐಆರ್‌ಸಿ (ಇನ್‌ಸ್ಟ್ರಕ್ಟರ್‌ಗಳ ರಿಫ್ರೆಶರ್ ಕೋರ್ಸ್) ವಿಷಯದಲ್ಲಿ. ಮನೇಲಿ ಕೂತು ಆನ್‌ಲೈನ್ ಕೋರ್ಸ್ ಮುಗಿಸಿ ಸಿಎಫ್‌ಐ ಊರ್ಜಿತ ಇಟ್ಟುಕೊಂಡ್ರಿ, ಸರಿ. ಅದರಿಂದ ಮಾಫಿ ಆಗೋದು ರಿವ್ಯೂನ ಒಂದು ಗಂಟೆ ಗ್ರೌಂಡ್ ಮಾತ್ರ. ಹಾರಾಟದ ಗಂಟೆ ಹಾಗೇ ಬಾಕಿ, ಇನ್ನೊಬ್ಬ ಇನ್‌ಸ್ಟ್ರಕ್ಟರ್ ಜೊತೆ ಹೋಗಲೇಬೇಕು. ತಿಂಗಳೆಲ್ಲಾ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟಿದ್ದೀನಲ್ಲಾ ಅಂದರೂ ನಡೆಯಲ್ಲ. ಉಲ್ಟಾನೂ ಅಷ್ಟೇ, ಫ್ಲೈಟ್ ರಿವ್ಯೂ ಮಾಡಿಸಿಕೊಂಡ ಮಾತ್ರಕ್ಕೆ ಸಿಎಫ್‌ಐ ಮುಂದುವರಿಯಲ್ಲ.

ಚೆಕ್‌ರೈಡ್ ಫೇಲಾದರೆ ಅದು ರಿವ್ಯೂ ಆಗಿ ಲೆಕ್ಕಕ್ಕಿಲ್ಲ. ಹಳೇ ರಿವ್ಯೂ ಗಡುವು ಇನ್ನೂ ಮುಗಿದಿಲ್ಲದಿದ್ದರೆ ಅದೇ ನಡೆಯುತ್ತದೆ.

ಇನ್ನು ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ 90 ದಿನದಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಬೇಕು. ಅದು ಬೇರೆ ನಿಯಮ, 61.57. ಅದನ್ನ ಇದರ ಜೊತೆ ಕಲಸಬೇಡಿ.