ಅಲ್ನಾ ಒಂದೇ ಸಿಕ್ಕಾಗ: ಕೊಡಗಿನಲ್ಲಿ ಮೂಳೆಯಿಂದ ಮನುಷ್ಯನ ಎತ್ತರ ಲೆಕ್ಕ ಹಾಕಿದ ನನ್ನ ಅನುಭವ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಿಂದ ಪೊಲೀಸರು ಒಂದು ಚೀಲ ಮೂಳೆ ತಂದರು. ಎರಡೂ ಫೀಮರ್‌ಗಳ (ತೊಡೆ ಮೂಳೆ) ತುದಿಯನ್ನು ಕಾಡುಹಂದಿ ಕಡಿದು ಹಾಕಿತ್ತು. ಟಿಬಿಯಾ (ಮೊಣಕಾಲ ಕೆಳಗಿನ ದೊಡ್ಡ ಮೂಳೆ) ಬರೀ ಚೂರು. ಉದ್ದ ಮೂಳೆಗಳಲ್ಲಿ ಪೂರ್ತಿ ಉಳಿದದ್ದು ಬಲಗೈಯ ಅಲ್ನಾ, ಅಂದರೆ ಮುಂಗೈಯ ಕಿರುಬೆರಳಿನ ಕಡೆಯ ಮೂಳೆ ಮಾತ್ರ, ಹತ್ತಿರ ಹತ್ತಿರ 25 ಸೆಂ.ಮೀ. ಗಂಡಸು ಅಂತ ಸೊಂಟದ ಮೂಳೆ ಹೇಳಿತು. ಕಾಣೆಯಾದ ಗಂಡಸರಲ್ಲಿ ಮೂಳೆಯ ವಯಸ್ಸಿಗೆ ಹೊಂದುವವರು ಮೂವರಿದ್ದರು.

ಮೂಳೆಯ ಉದ್ದದಿಂದ ಎತ್ತರ ಹೇಳುವ ಟ್ರಾಟರ್–ಗ್ಲೆಸರ್ ಅವರ ಬಿಳಿ ಗಂಡಸರ ಸೂತ್ರ ಹಾಕಿದರೆ, ಅಂದರೆ ಅಲ್ನಾದ ಉದ್ದವನ್ನು 3.70ರಿಂದ ಗುಣಿಸಿ 74.05 ಕೂಡಿಸಿದರೆ, 166.5 ಬರುತ್ತದೆ. ನನ್ನ ಲೆಕ್ಕದಲ್ಲಿ 160 ಬಂತು. ಈ ಆರು ಸೆಂಟಿಮೀಟರಿಗಾಗಿಯೇ ನಾನು ಕೆಲಸಗಾರರ ಎತ್ತರ, ಮುಂಗೈ ಅಳೆದು ನಮ್ಮವರದೇ ಸೂತ್ರ ಮಾಡಲು ಎರಡು ವರ್ಷ ತೋಟ ತೋಟ ಅಲೆದಿದ್ದೆ.

ಶುರು ಮಾಡಿದಾಗ ಯಾರೂ ಒಪ್ಪಲಿಲ್ಲ. 'ಪುಸ್ತಕದಲ್ಲಿ ಇದೆಯಲ್ಲಪ್ಪಾ, ಮತ್ಯಾಕೆ?' ಎಂದರು ಹಿರಿಯ ಸಹೋದ್ಯೋಗಿಯೊಬ್ಬರು. ಪುಸ್ತಕದ್ದು 1952ರ ಅಮೆರಿಕದ ಲೆಕ್ಕ. ನಮ್ಮ ದೇಶದ್ದು ಅಂತ ನೋಡಿದರೆ 1924ರಲ್ಲಿ ಪಾನ್ ಎಂಬವರು ಮಾಡಿದ ಪಟ್ಟಿ ಇದೆ, ಅದು ಬಂಗಾಳ, ಬಿಹಾರ, ಒಡಿಶಾ ಕಡೆಯ ಜನರದ್ದು. ನಮ್ಮ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲು ಮನೆಗಳಲ್ಲಿ, ಯರವರಿದ್ದಾರೆ, ಕುರುಬರಿದ್ದಾರೆ, ಈಗ ಅಸ್ಸಾಂನಿಂದ ಬಂದವರೂ ಜಾಸ್ತಿ. ಎಲ್ಲರಿಗೂ ಅದೇ ಸೂತ್ರ ಹೇಗೆ ಹೊಂದುತ್ತದೆ?

ಮೊದಲ ವರ್ಷ ಪೂರ್ತಿ ಹಾಳಾಯಿತು. ಆಮದು ಮಾಡಿದ ಸಲಕರಣೆ ಬೆಲೆ ಕೇಳಿ ಕೈಬಿಟ್ಟೆ, ಮಡಿಕೇರಿಯ ಒಬ್ಬ ಬಡಗಿಯಿಂದ ಹಲಸಿನ ಮರದ ಅಳತೆ ಹಲಗೆ ಮಾಡಿಸಿದೆ, ಮೂರೂವರೆ ಸಾವಿರ ಆಗಿರಬೇಕು. ಜುಲೈ ಮಳೆಗೆ ಮರ ಉಬ್ಬಿತು, ಜಾರುವ ತುಂಡು ಸಿಕ್ಕಿಹಾಕಿಕೊಂಡಿತು. ಮೇಲೆ ಅಂಟಿಸಿದ್ದ ಕಾಗದದ ಅಳತೆ ಪಟ್ಟಿಯೂ ಹಿಗ್ಗಿತು. ಆಮೇಲೆ ಅಲ್ಯೂಮಿನಿಯಂ ಪಟ್ಟಿ, ಸ್ಟೀಲ್ ಸ್ಕೇಲ್ ಹಾಕಿ ಇನ್ನೊಂದು ಮಾಡಿಸಿದೆ, ಮತ್ತೆ ಐದು ಸಾವಿರ. ಎಲ್ಲ ನನ್ನ ಕೈಯಿಂದಲೇ.

ಅದಕ್ಕಿಂತ ದೊಡ್ಡ ತಪ್ಪು ಸಮಯದ್ದು. ಕೆಲಸ ಬಿಟ್ಟ ಮೇಲೆ, ಸಂಜೆ ಐದರ ನಂತರ, ಎತ್ತರ ಅಳೆಯುತ್ತಿದ್ದೆ. ದಿನವಿಡೀ ಕಾಫಿ ಚೀಲ ಹೊತ್ತ ಬೆನ್ನು ಬೆಳಗಿಗಿಂತ ಒಂದೂವರೆ ಸೆಂ.ಮೀ. ಕುಗ್ಗಿರುತ್ತದೆ! ಸುಮಾರು ತೊಂಬತ್ತು ಜನರ ಅಳತೆ ಎತ್ತಿಟ್ಟು, ಬೆಳಗ್ಗೆ ಆರೂವರೆಗೆ ಲೈನ್ ಮನೆ ಮುಂದೆ ನಿಂತು ಹೊಸದಾಗಿ ಶುರು ಮಾಡಿದೆ. ಒಪ್ಪಿಗೆ ಪತ್ರ ಓದಿ ಹೇಳಿ, ಕಾಫಿ ಕೊಟ್ಟು, ನನ್ನಿಂದ ಕೆಲಸಕ್ಕೆ ತಡವಾದವರಿಗೆ ಐವತ್ತು ರೂಪಾಯಿ ಕೊಟ್ಟೆ. 'ಸಾರ್, ಅಂಗಿ ಹೊಲಿಸಿ ಕೊಡ್ತೀರಾ?' ಅಂತ ಒಬ್ಬ ಅಜ್ಜ ಕೇಳಿದರು. ಅವರ ಚಾಚಿದ ಎರಡು ಕೈಗಳ ಅಳತೆ ಎತ್ತರಕ್ಕಿಂತ ಐದು ಸೆಂ.ಮೀ. ಜಾಸ್ತಿ ಇತ್ತು. ವಯಸ್ಸಾದಂತೆ ಬೆನ್ನು ಕುಗ್ಗುತ್ತದೆ, ಕೈ ಕುಗ್ಗುವುದಿಲ್ಲ ಅಲ್ವಾ? ಹಾಗಾಗಿ ಐವತ್ತು ದಾಟಿದವರನ್ನು ಬೇರೆ ಇಟ್ಟೆ. ಗಂಡಸರು ಹೆಂಗಸರನ್ನೂ ಬೇರೆ ಮಾಡಿದೆ. ಒಟ್ಟು ನಾನೂರರ ಹತ್ತಿರ ಜನ ಆದರು.

ನಡುವೆ ಪಾದದ ಕಡೆಗೂ ಹೋದೆ. ಪಾದದ ಉದ್ದ ಎತ್ತರದ ನೂರಕ್ಕೆ 15ರಷ್ಟು ಅಂತ ನಮಗೆಲ್ಲ ಗೊತ್ತು. ಕೆಸರಲ್ಲಿ ಬರಿಗಾಲಿನಲ್ಲಿ ನಡೆಸಿ ಗುರುತು ಅಳೆದೆ. ಇಳಿಜಾರಿನಲ್ಲಿ ಕಾಲು ಜಾರಿ ಗುರುತು ಎಳೆದುಕೊಳ್ಳುತ್ತದೆ, ಒಬ್ಬನದೇ ಹೆಜ್ಜೆ ಎರಡು ಸೆಂ.ಮೀ. ವ್ಯತ್ಯಾಸ ತೋರಿಸಿತು. ನಮ್ಮ ಗುಡ್ಡಗಳಲ್ಲಿ ಅದನ್ನು ನಂಬಬೇಡಿ.

ಮೂಳೆಯ ಉದ್ದವನ್ನು ಒಂದೇ ಸಂಖ್ಯೆಯಿಂದ ಗುಣಿಸಿಬಿಡುವ ಗುಣಕ ಬೇಡ, ಗುಣಿಸಿ ಇನ್ನೊಂದು ಸಂಖ್ಯೆ ಕೂಡಿಸುವ ರಿಗ್ರೆಷನ್ ಗೆರೆಯೇ ಹಾಕಿ. ಗುಣಕ ಹಾಕಿದರೆ ಕುಳ್ಳಗಿದ್ದವರು ಇನ್ನೂ ಕುಳ್ಳಗೆ, ಉದ್ದ ಇದ್ದವರು ಇನ್ನೂ ಉದ್ದ ಆಗುತ್ತಾರೆ. ಬದುಕಿದ್ದವರ ಕೈಯನ್ನು ಚರ್ಮದ ಮೇಲಿಂದ ಅಳೆದದ್ದಕ್ಕೂ ಒಣ ಮೂಳೆಗೂ ಅಂತರ ಇರುತ್ತದೆ. ಅದಕ್ಕೆ ಎಷ್ಟು ಸರಿಪಡಿಸಬೇಕು ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ, ಇನ್ನೂ ಮೂಳೆಗಳ ಮೇಲೆ ನೋಡಬೇಕು.

ಆ ಮೂವರ ವಿಷಯಕ್ಕೆ ಬರುತ್ತೇನೆ. ದೂರಿನಲ್ಲಿ ಬರೆದ ಎತ್ತರ ಅಂದಾಜಿನದು. ನಾನು ಮೂರೂ ಮನೆಗೆ ಹೋಗಿ, ಅವರು ಬಾಗಿಲಲ್ಲಿ ನಿಂತರೆ ತಲೆ ಎಲ್ಲಿಗೆ ಬರುತ್ತಿತ್ತು ಅಂತ ಹೆಂಡತಿ, ಅಣ್ಣ ತಮ್ಮಂದಿರ ಹತ್ತಿರ ಬೇರೆ ಬೇರೆಯಾಗಿ ಕೈಯಿಟ್ಟು ತೋರಿಸಲು ಹೇಳಿದೆ. ಒಬ್ಬರದು 172, ಒಬ್ಬರದು 167, ಇನ್ನೊಬ್ಬರದು 159 ಬಂತು. ಹೆಚ್ಚು ಕಡಿಮೆ ನಾಲ್ಕು ಸೆಂ.ಮೀ. ತಪ್ಪು ಇರುವ ಲೆಕ್ಕ ಹೆಸರು ಹೇಳುವುದಿಲ್ಲ, ಯಾರ ಮನೆಯವರ ರಕ್ತವನ್ನು ಮೊದಲು ಡಿಎನ್‌ಎಗೆ ಕಳಿಸಬೇಕು ಅಂತ ಹೇಳುತ್ತದೆ. ಪುಸ್ತಕದ ಸೂತ್ರ ಎರಡನೆಯವರ ಕಡೆ ತೋರಿಸುತ್ತಿತ್ತು. ನಾನು ಮೂರನೆಯವರ ತಮ್ಮನ ರಕ್ತ ಮೊದಲು ಕಳಿಸಿ ಎಂದೆ.

ಹೊಂದಿತು. ಹುತ್ತರಿಗೆ ಮೊದಲೇ ಮೂಳೆಗಳನ್ನು ಮನೆಯವರಿಗೆ ಕೊಟ್ಟೆವು.