ಮೂರು ಚಕ್ರದ ಸ್ಟ್ರೋಲರ್ ತಗೊಳ್ಳುವ ಮುಂಚೆ ಮುಂದಿನ ಚಕ್ರ ನೋಡಿ

ಅಂಗಡಿಗೆ ಹೋಗುವ ಮುಂಚೆ ಒಂದು ಸಲ ಗೇಟಿನಾಚೆ ಬಂದು ನಿಮ್ಮ ರಸ್ತೆ ನೋಡಿ. ಮಗುವನ್ನು ದಿನಾ ಎಲ್ಲಿ ಸುತ್ತಾಡಿಸುತ್ತೀರಿ? ಅಪಾರ್ಟ್‌ಮೆಂಟ್ ಒಳಗಿನ ನುಣುಪು ದಾರಿ, ಮಾಲ್, ಲಿಫ್ಟ್, ಕಾರು, ಇಷ್ಟೇ ಆದರೆ ಮೂರು ಚಕ್ರದ ದೊಡ್ಡ ಸ್ಟ್ರೋಲರ್ ನಿಮಗೆ ಬೇಡ. ಆರೇಳು ಕೆಜಿ ತೂಗುವ, ಪಟ್ಟನೆ ಮಡಚುವ ನಾಲ್ಕು ಚಕ್ರದ್ದು ಸಾಕು, ದುಡ್ಡೂ ಉಳಿಯುತ್ತದೆ. ಕೆರೆ ಏರಿ ಮೇಲಿನ ಮಣ್ಣಿನ ದಾರಿ, ಇಂಟರ್‌ಲಾಕ್ ಇಟ್ಟಿಗೆ, ಕಿತ್ತುಹೋದ ಟಾರು, ಚರಂಡಿ ಮೇಲೆ ಹಾಸಿದ ಚಪ್ಪಡಿ, ಅದರ ನಡುವೆ ಬೆರಳು ತೂರುವಷ್ಟು ಸಂದಿ, ಇವೇ ನಿಮ್ಮ ದಿನದ ದಾರಿ ಅನ್ನೋದಾದರೆ ಮಾತ್ರ ಮೂರು ಚಕ್ರದ ಬಗ್ಗೆ ಯೋಚಿಸಿ.

ಯಾಕೆ ಅಂತ ಹೇಳ್ತೀನಿ. ಸಾಮಾನ್ಯ ಸ್ಟ್ರೋಲರ್‌ನ ಚಕ್ರ ತೀರಾ ಚಿಕ್ಕದು, ಪ್ಲಾಸ್ಟಿಕ್ಕಿನದು. ಚಪ್ಪಡಿ ಸಂದಿಗೆ ಸಿಕ್ಕಿದರೆ ಅಲ್ಲೇ ನಿಂತುಬಿಡುತ್ತದೆ, ತಳ್ಳುತ್ತಿದ್ದ ನೀವು ಮುಂದೆ ಮುಗ್ಗರಿಸುತ್ತೀರಿ, ಮಗು ಬೆಲ್ಟಿಗೆ ಜೋತು ಬೀಳುತ್ತದೆ. ನೆಲ ಏರುಪೇರು ಇದ್ದಾಗ ನಾಲ್ಕರಲ್ಲಿ ಒಂದು ಚಕ್ರ ಗಾಳಿಯಲ್ಲೇ ಇರುತ್ತದೆ. ಮೂರು ಚಕ್ರಕ್ಕೆ ಆ ತೊಂದರೆ ಇಲ್ಲ, ನೆಲ ಹೇಗಿದ್ದರೂ ಮೂರೂ ಊರಿಕೊಂಡೇ ಇರುತ್ತವೆ. ಮುಂದಿನ ಒಂಟಿ ಚಕ್ರ ದೊಡ್ಡದಾಗಿದ್ದರೆ ಸಂದಿ ದಾಟುತ್ತದೆ, ಕಲ್ಲು ಹತ್ತುತ್ತದೆ. ಈ ಗಾಡಿ ಹುಟ್ಟಿದ್ದೇ ಓಡೋರಿಗೋಸ್ಕರ. 1984ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಊರಿನಲ್ಲಿ ಫಿಲ್ ಬೇಕ್ಲರ್ ಅನ್ನುವವರು ಮಗುವನ್ನು ಕರೆದುಕೊಂಡೇ ಓಡಬೇಕು ಅಂತ ಸ್ಟ್ರೋಲರ್‌ಗೆ ಸೈಕಲ್ ಚಕ್ರ ಹಾಕಿದರು. ಅದೇ ಬೇಬಿ ಜಾಗರ್ ಅನ್ನೋ ಕಂಪನಿ ಆಯಿತು.

ಈಗ ಆನ್‌ಲೈನ್‌ನಲ್ಲಿ ಮೂರು ಚಕ್ರ ಅಂತ ಹುಡುಕಿ ನೋಡಿ. ಅರ್ಧಕ್ಕರ್ಧ ಬರೋದು ಹಿಂದೆ ಕೋಲು ಸಿಕ್ಕಿಸಿದ ಟ್ರೈಸಿಕಲ್. ಅದು ಆಟದ ಸಾಮಾನು, ತಾನಾಗಿ ಗಟ್ಟಿಯಾಗಿ ಕೂರುವ ಮಗುವಿಗೆ ಸರಿ, ಮಲಗಿಸೋಕೆ ಆಗಲ್ಲ. ಇನ್ನು ಕೆಲವದರಲ್ಲಿ ಮುಂದೆ ಎರಡು ಪುಟ್ಟ ಚಕ್ರ ಒಂದಕ್ಕೊಂದು ಅಂಟಿಸಿ ಫೋಟೋದಲ್ಲಿ ಮೂರು ಚಕ್ರದ ಹಾಗೆ ಕಾಣಿಸುತ್ತಾರೆ. ಅದರಿಂದ ನಿಮಗೆ ಏನೂ ಲಾಭವಿಲ್ಲ. ಮೂರು ಚಕ್ರದ ತೊಂದರೆಗಳೆಲ್ಲ ಅದರಲ್ಲೂ ಇರುತ್ತವೆ, ಒಳ್ಳೆಯದು ಮಾತ್ರ ಇರಲ್ಲ.

ನಿಜವಾದವು ಎರಡು ಥರ. ಒಂದು ಒರಟು ದಾರಿಯಲ್ಲಿ ನಡೆಯೋಕೆ ಅಂತಲೇ ಮಾಡಿದ್ದು, ಮೂರೂ ಚಕ್ರ 10ರಿಂದ 12 ಇಂಚು, ಮುಂದಿನದು ಎಲ್ಲಾ ಕಡೆಗೂ ತಿರುಗುತ್ತದೆ. ಇನ್ನೊಂದು ಓಡೋಕೆ ಮಾಡಿದ್ದು, ಇದಕ್ಕೇ ಜಾಗರ್ ಅನ್ನೋದು, ಹಿಂದಿನ ಚಕ್ರ ಸುಮಾರು 16 ಇಂಚು, ಉದ್ದ ಜಾಸ್ತಿ, ಮುಂದಿನ ಚಕ್ರವನ್ನು ನೇರಕ್ಕೆ ಲಾಕ್ ಮಾಡಬಹುದು. ನೀವು ಓಡೋರಲ್ಲ ಅಂದರೆ ಎರಡನೆಯದಕ್ಕೆ ಕೈ ಹಾಕಬೇಡಿ. ನೋಡೋಕೆ ಚೆನ್ನಾಗಿರುತ್ತದೆ, ಅಡುಗೆಮನೆ ಬಾಗಿಲಲ್ಲಿ ತಿರುಗಿಸೋಕೆ ಹೋದಾಗ ಗೊತ್ತಾಗುತ್ತದೆ.

ಮುಂದಿನ ಚಕ್ರದಲ್ಲಿ ನೋಡಬೇಕಾದ್ದು ಬಹಳ ಇದೆ, ಇಲ್ಲಿ ಅವಸರ ಬೇಡ. ಮೊದಲು ಲಾಕ್. ಚಕ್ರ ಸುತ್ತ ತಿರುಗುವಂತಿದ್ದರೆ ಅಂಗಡಿ ಸಾಲಿನಲ್ಲಿ, ಲಿಫ್ಟ್‌ನಲ್ಲಿ ಒಂದೇ ಕೈಯಲ್ಲಿ ನಡೆಸಬಹುದು. ಜಲ್ಲಿ ಮೇಲೆ, ಇಳಿಜಾರಿನಲ್ಲಿ, ಜೋರಾಗಿ ಹೋಗುವಾಗ ಅದೇ ಚಕ್ರ ಗಡಗಡ ಅಂತ ಅಲ್ಲಾಡೋಕೆ ಶುರುಮಾಡುತ್ತದೆ, ಒಂದು ಕಲ್ಲು ಸಿಕ್ಕರೆ ಅಡ್ಡ ತಿರುಗಿ ಗಾಡಿಯನ್ನೇ ಕೆಡವಬಹುದು. ಆಗ ಲಾಕ್ ಬೇಕೇ ಬೇಕು. ಲಾಕ್ ಗುಂಡಿ ಎಲ್ಲಿದೆ, ಬಗ್ಗದೆ ಸಿಗುತ್ತದಾ, ನೇರಕ್ಕೆ ಹಾಕಿ ಕೈಬಿಟ್ಟು ತಳ್ಳಿದರೆ ಒಂದು ಕಡೆಗೆ ಎಳೆಯುತ್ತದಾ, ಇದೆಲ್ಲ ಅಂಗಡಿಯಲ್ಲೇ ನೋಡಿಬಿಡಿ. ಲಾಕ್ ಹಾಕಿದ ಮೇಲೆ ತಿರುಗಿಸಬೇಕಾದರೆ ಹ್ಯಾಂಡಲ್ ಒತ್ತಿ ಮುಂದಿನ ಚಕ್ರವನ್ನು ಸ್ವಲ್ಪ ಎತ್ತಬೇಕು. ಮನೆಯಲ್ಲಿ ಹೆಚ್ಚಾಗಿ ತಳ್ಳುವವರು ಅಜ್ಜಿ ಅಂದರೆ ಅವರ ಕೈಯಲ್ಲೇ ಒಂದು ಸಲ ಮಾಡಿಸಿ ನೋಡಿ.

ಆಮೇಲೆ ಚಕ್ರ ಗಾಡಿಗೆ ಸೇರಿಕೊಂಡಿರೋದು ಹೇಗೆ ಅಂತ. ಸೈಕಲ್ಲಿನಲ್ಲಿ ಇರುವಂಥ, ಕೈಯಲ್ಲೇ ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ಲಿವರ್ ಹಲವು ಜಾಗರ್‌ಗಳಲ್ಲಿ ಇರುತ್ತದೆ. ಸರಿಯಾಗಿ ಬಿಗಿ ಮಾಡದಿದ್ದರೆ ಓಡುತ್ತಿರುವಾಗಲೇ ಚಕ್ರ ಕಳಚುತ್ತದೆ. ಸುಮ್ನೆ ಹೆದರಿಸೋಕೆ ಹೇಳ್ತಿಲ್ಲ. ಇದೇ ಕಾರಣಕ್ಕೆ 2018ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಬ್ರಿಟ್ಯಾಕ್ಸ್ ಕಂಪನಿಯ ಬಾಬ್ ಜಾಗಿಂಗ್ ಸ್ಟ್ರೋಲರ್‌ಗಳ ಮೇಲೆ ದೂರು ಹೂಡಿತ್ತು, ಸುಮಾರು 5 ಲಕ್ಷ ಗಾಡಿಗಳ ವಿಷಯ ಅದು. ಆ ವರ್ಷದ ಕೊನೆಗೆ ಒಪ್ಪಂದವಾಗಿ ಕಂಪನಿ ಬದಲಿ ಭಾಗ ಕೊಡಲು ಒಪ್ಪಿತು. ಅವು 2015ರ ಸೆಪ್ಟೆಂಬರ್ ಕೊನೆಯವರೆಗೆ ತಯಾರಾದವು. ಅಮೆರಿಕದಿಂದ ವಾಪಸ್ ಬಂದವರು ಹಳೇ ಬಾಬ್ ಕೊಡ್ತೀವಿ ಅಂದರೆ ತಗೊಳ್ಳಿ, ತಪ್ಪೇನಿಲ್ಲ. ಗಾಡಿ ಮೇಲಿರುವ ಸ್ಟಿಕರ್‌ನಲ್ಲಿ ತಯಾರಾದ ತಾರೀಖು ನೋಡಿ, ಲಿವರ್ ಮುಚ್ಚಿ, ಮುಂಭಾಗ ಎತ್ತಿ ಹಿಡಿದು ಚಕ್ರದ ಮೇಲೆ ಅಂಗೈಯಲ್ಲಿ ಬಲವಾಗಿ ಗುದ್ದಿ. ಅಲ್ಲಾಡಿದರೆ ಸರಿಮಾಡಿಸುವವರೆಗೂ ಮಗುವನ್ನು ಕೂರಿಸಬೇಡಿ.

ಮೂರು ಚಕ್ರದ ದೊಡ್ಡ ದೋಷ ನಿಮಗೆ ಗೊತ್ತಿರೋದೇ. ಆಟೋ ಜೋರಾಗಿ ತಿರುಗಿದರೆ ಯಾಕೆ ಪಲ್ಟಿ ಹೊಡೆಯುತ್ತದೋ, ಇದೂ ಅದಕ್ಕೇ. ಮುಂದಿನ ಎರಡು ಮೂಲೆಯಲ್ಲಿ ಆಸರೆ ಇಲ್ಲ. ಫುಟ್‌ಪಾತ್ ಅಂಚಿನಿಂದ ಓರೆಯಾಗಿ ಇಳಿಸಿದರೆ, ಅದೇ ಹೊತ್ತಿಗೆ ಮಗು ಬಸ್ಸು ನೋಡೋಕೆ ಆ ಕಡೆಗೇ ವಾಲಿದರೆ, ಬೀಳೋದು ಖಂಡಿತ. ಹಾಗಾಗಿ ಯಾವಾಗಲೂ ನೇರವಾಗಿ ಹತ್ತಿಸಿ, ಇಳಿಸುವಾಗ ಗಾಡಿಯನ್ನು ಹಿಂದುಮುಂದು ಮಾಡಿ ಹಿಂದಿನ ಚಕ್ರ ಮೊದಲು ಇಳಿಯಲಿ. ನಮ್ಮ ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಫುಟ್‌ಪಾತ್ 150 ಮಿಲಿಮೀಟರ್‌ಗಿಂತ ಎತ್ತರ ಇರಬಾರದು. ಓದಿ ನಗು ಬಂತಾ? ಬೆಂಗಳೂರಿನಲ್ಲಿ ಮೊಣಕಾಲು ಎತ್ತರದ್ದೂ ಉಂಟು. ಅಂಥ ಕಡೆ ಮಗುವನ್ನು ಎತ್ತಿಕೊಂಡು ಗಾಡಿಯನ್ನು ಬೇರೆ ಇಳಿಸಿ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಅಗಲದ ಫುಟ್‌ಪಾತ್ ಇಟ್ಟು ಮಾಡಿದ ರಸ್ತೆಗಳು, ಭಾನುವಾರ ವಾಹನ ಬಿಡದ ಕಬ್ಬನ್ ಪಾರ್ಕ್, ಮೈಸೂರಿನ ಕುಕ್ಕರಹಳ್ಳಿ ಕೆರೆ ದಾರಿ, ಇಂಥ ಕಡೆ ಈ ಗಾಡಿ ತಳ್ಳೋದೇ ಒಂದು ಖುಷಿ.

ಇನ್ನೊಂದು, ಹ್ಯಾಂಡಲ್‌ಗೆ ತರಕಾರಿ ಚೀಲ ನೇತುಹಾಕಬೇಡಿ. ಮಗುವನ್ನು ಎತ್ತಿದ ತಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ. ಸೀಟಿನ ಕೆಳಗೆ ದೊಡ್ಡ ಬುಟ್ಟಿ ಇರುವುದನ್ನೇ ಆರಿಸಿ, ಭಾರ ಕೆಳಗಿದ್ದಷ್ಟೂ ಒಳ್ಳೆಯದು.

ಟೈರಿನ ವಿಷಯಕ್ಕೆ ಬರೋಣ. ಗಾಳಿ ತುಂಬುವ ಟೈರ್ ಅಂದರೆ ಮಗುವಿಗೆ ಕುಲುಕು ಕಮ್ಮಿ, ನಿದ್ದೆ ಹೋದ ಮಗು ನಿದ್ದೆಯಲ್ಲೇ ಇರುತ್ತದೆ. ಆದರೆ ಜಾಲಿ ಮುಳ್ಳು ಚುಚ್ಚಿದರೆ ಪಂಕ್ಚರ್. ಗಟ್ಟಿ ಫೋಮ್ ಟೈರಿಗೆ ಆ ರಗಳೆ ಇಲ್ಲ, ಕುಲುಕು ಮಾತ್ರ ಜಾಸ್ತಿ. ಒರಟು ದಾರಿಗೆ ಅಂತಲೇ ತಗೊಳ್ಳುತ್ತಿದ್ದರೆ ಗಾಳಿಯದ್ದೇ ಸರಿ ಅನ್ನೋದು ನನ್ನ ಅಭಿಪ್ರಾಯ, ಫೋಮ್ ಹಾಕಿಸಿಕೊಂಡು ಮೂರು ಚಕ್ರ ತಗೊಂಡರೆ ಅರ್ಧ ಸುಖ ಬಿಟ್ಟುಕೊಟ್ಟ ಹಾಗೆ. ಟೈರಿನ ಪಕ್ಕದಲ್ಲಿ ಅಳತೆ ಅಚ್ಚಾಗಿರುತ್ತದೆ. ಅದನ್ನು ಬರೆದಿಟ್ಟುಕೊಂಡು ಹತ್ತಿರದ ಸೈಕಲ್ ಅಂಗಡಿಯಲ್ಲಿ ಮಕ್ಕಳ ಸೈಕಲ್ಲಿನ ಟ್ಯೂಬ್ ಆ ಅಳತೆಯಲ್ಲಿ ಸಿಗುತ್ತದಾ ಕೇಳಿ. ಗಾಳಿ ಎಷ್ಟು ಹಾಕಬೇಕು ಅನ್ನೋದೂ ಟೈರಿನ ಮೇಲೇ ಇರುತ್ತದೆ. ಪೆಟ್ರೋಲ್ ಬಂಕಿನ ಗಾಳಿ ಬೇಡ, ಇಷ್ಟು ಚಿಕ್ಕ ಟ್ಯೂಬು ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆದುಹೋಗುತ್ತದೆ. ಸೈಕಲ್ ಪಂಪ್ ಸಾಕು.

ಮಗುವಿನ ವಯಸ್ಸು ಮುಖ್ಯ. ಕತ್ತು ನಿಲ್ಲದ ಕೂಸನ್ನು ಒರಗಿ ಕೂರುವ ಸೀಟಿನಲ್ಲಿ ಹಾಕಬಾರದು, ತಲೆ ಮುಂದಕ್ಕೆ ಬಿದ್ದರೆ ಉಸಿರಾಟಕ್ಕೆ ತೊಂದರೆ. ಮೊದಲ 6 ತಿಂಗಳಿಗೂ ಬೇಕು ಅಂದರೆ ಸೀಟು ಪೂರ್ತಿ ಚಪ್ಪಟೆಯಾಗಬೇಕು, ಇಲ್ಲವೇ ಅದಕ್ಕೇ ಹೊಂದುವ ತೊಟ್ಟಿಲು ಬುಟ್ಟಿ ಸಿಗಬೇಕು. ಬಹುಮಟ್ಟಿಗೆ ಒರಗುತ್ತದೆ ಅನ್ನೋ ಸೇಲ್ಸ್‌ನವರ ಮಾತು ಕೇಳಬೇಡಿ, ಅಂಗೈ ಇಟ್ಟು ನೋಡಿ. ಮಗುವನ್ನು ಕೂರಿಸಿಕೊಂಡು ಓಡೋದು ಅದಕ್ಕೂ ಆಮೇಲೆ. ಒಂದೊಂದು ಕಂಪನಿ 6 ತಿಂಗಳು ಅನ್ನುತ್ತದೆ, ಒಂದೊಂದು 8 ತಿಂಗಳು. ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿಯೇ ಶುರುಮಾಡಿ. ಬೆಲ್ಟು ಎರಡು ಭುಜ, ಎರಡು ಸೊಂಟ, ಕಾಲ ನಡುವೆ ಒಂದು, ಹೀಗೆ ಐದು ಕಡೆ ಹಿಡಿಯುವುದೇ ಬೇಕು. ಎಷ್ಟು ತೂಕದವರೆಗೆ ಅನ್ನೋದನ್ನೂ ನೋಡಿ. ಯುರೋಪಿನ ಇಎನ್ 1888 ಅನ್ನೋ ಸ್ಟ್ರೋಲರ್ ಸುರಕ್ಷತಾ ಮಾನದಂಡದಲ್ಲಿ 15 ಕೆಜಿಯವರೆಗಿನದು ಒಂದು ಭಾಗ, 22 ಕೆಜಿಯವರೆಗಿನದು ಇನ್ನೊಂದು. ಇಷ್ಟು ದುಡ್ಡು ಹಾಕೋದಾದರೆ 22ರದ್ದೇ ಇರಲಿ.

ಬ್ರೇಕ್ ಪರೀಕ್ಷೆಯನ್ನು ಚಪ್ಪಲಿ ಹಾಕಿಕೊಂಡೇ ಮಾಡಿ. ಕೆಲವು ಬ್ರೇಕ್ ಹಾಕೋಕೆ ತುಳಿಯಬೇಕು, ಬಿಡಿಸೋಕೆ ಕಾಲ ಬೆರಳಿನಿಂದ ಮೇಲಕ್ಕೆ ಎತ್ತಬೇಕು. ಶೂ ಹಾಕುವ ದೇಶಕ್ಕೆ ಮಾಡಿದ್ದು ಅದು. ನಮ್ಮ ಹವಾಯಿ ಚಪ್ಪಲಿಯಲ್ಲಿ ಹೆಬ್ಬೆರಳು ಕಿತ್ತುಬರುವಷ್ಟು ನೋವು, ಕೊನೆಗೆ ಮನೆಯವರೆಲ್ಲ ಬ್ರೇಕ್ ಹಾಕೋದನ್ನೇ ಬಿಟ್ಟುಬಿಡುತ್ತಾರೆ. ಹಾಕೋಕೂ ತುಳಿ, ಬಿಡಿಸೋಕೂ ತುಳಿ, ಅಂಥದ್ದನ್ನು ಹುಡುಕಿ. ದೊಡ್ಡ ಚಕ್ರ ಸಲೀಸಾಗಿ ಉರುಳುತ್ತದೆ, ಕಣ್ಣಿಗೆ ಕಾಣದ ಇಳಿಜಾರಿನಲ್ಲೂ ಹೊರಟುಬಿಡುತ್ತದೆ. 2009ರ ಅಕ್ಟೋಬರ್‌ನಲ್ಲಿ ಮೆಲ್ಬರ್ನಿನ ಆಶ್‌ಬರ್ಟನ್ ಸ್ಟೇಷನ್‌ನಲ್ಲಿ ತಾಯಿ ಒಂದು ಕ್ಷಣ ಕೈಬಿಟ್ಟಾಗ ಮಗುವಿದ್ದ ಗಾಡಿ ಉರುಳಿ ಪ್ಲಾಟ್‌ಫಾರ್ಮಿನಿಂದ ಬರುತ್ತಿದ್ದ ರೈಲಿನ ಮುಂದೆ ಬಿತ್ತು. ಮಗು ಬದುಕಿದ್ದು ಪವಾಡವೇ. ಆಸ್ಟ್ರೇಲಿಯಾದಲ್ಲಿ ಬ್ರೇಕಿನ ಲಿವರ್ ಕೆಂಪಗಿರಬೇಕು, ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿ ಇರಬೇಕು ಅನ್ನೋದು ಕಾನೂನು. ನೀವು ತಗೊಳ್ಳುವುದರಲ್ಲಿ ಆ ಪಟ್ಟಿ ಇಲ್ಲದಿದ್ದರೆ ಗಟ್ಟಿ ದಾರದ್ದೊಂದು ಹೊಲಿಸಿ ಹ್ಯಾಂಡಲ್‌ಗೆ ಕಟ್ಟಿ. ಹಾಂ, ಸೀರೆ ಸೆರಗು, ದುಪಟ್ಟಾ ಹಿಂದಿನ ಚಕ್ರಕ್ಕೆ ಸಿಕ್ಕದಂತೆ ಸಿಕ್ಕಿಸಿಕೊಳ್ಳಿ. ಚಕ್ರ ದೇಹದ ಅಗಲಕ್ಕಿಂತ ಆಚೆಗೆ ಚಾಚಿರುತ್ತದೆ.

ಅಳತೆ ಟೇಪ್ ತಗೊಂಡು ಮನೆಯಲ್ಲೇ ಒಂದಷ್ಟು ಅಳೆದುಬಿಡಿ. ಲಿಫ್ಟ್ ಬಾಗಿಲು, ಮುಂಬಾಗಿಲು, ಪಾರ್ಕಿನ ಗೇಟು. ಜಾಗರ್ ಹಿಂದೆ 65ರಿಂದ 70 ಸೆಂಟಿಮೀಟರ್ ಅಗಲ ಇರಬಹುದು. ದನ, ಬೈಕು ಬರದಿರಲಿ ಅಂತ ಪಾರ್ಕುಗಳಲ್ಲಿ ಇಟ್ಟಿರುವ ಸುತ್ತುಗೇಟಿನಲ್ಲಿ ಯಾವ ಸ್ಟ್ರೋಲರೂ ತೂರಲ್ಲ, ಬೇರೆ ಗೇಟು ತೆಗೆಯುತ್ತಾರಾ ಅಂತ ಮೊದಲೇ ಕೇಳಿ. ಮೆಟ್ರೋದಲ್ಲಾದರೆ ವೀಲ್‌ಚೇರ್‌ಗೆ ಇರುವ ಅಗಲದ ಗೇಟು, ಲಿಫ್ಟು ಬಳಸಿ. ಎಸ್ಕಲೇಟರ್ ಮೇಲೆ ಮಗುವನ್ನು ಕೂರಿಸಿಕೊಂಡು ಹೋಗಲೇಬೇಡಿ. ಕಾರಿನ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಇದ್ದರೆ ಬಹುಶಃ ಕಥೆ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೂ ಮಡಚಿ ಒಳಗಿಟ್ಟು ಡಿಕ್ಕಿ ಮುಚ್ಚುತ್ತದಾ ಅಂತ ನೋಡಿಯೇ ದುಡ್ಡು ಕೊಡಿ. ಈ ಗಾಡಿಗಳು 9ರಿಂದ 14 ಕೆಜಿ. ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿ ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಇದು, ದಿನಾ ಆಗುತ್ತಾ? ಕೆಳಗೆ ಬೀಗ ಹಾಕಿ ಇಡೋಕೆ ಜಾಗ ಇದ್ದರೆ ಬೇರೆ ಮಾತು.

ಬಿಸಿಲು ಮುಚ್ಚುವ ಚಾವಣಿ ಮುಂದಕ್ಕೆ ಚೆನ್ನಾಗಿ ಇಳಿಯಬೇಕು. ಚಿಕ್ಕದಿದೆ ಅಂತ ಮೇಲೆ ಟವೆಲ್ ಹೊದಿಸಿದರೆ ಒಳಗೆ ಗಾಳಿ ಆಡದೆ ಸೆಕೆ ಏರುತ್ತದೆ, ಹಾಗೆ ಮಾಡಬೇಡಿ. ಓಡುವ ಗಾಡಿಗಳಲ್ಲಿ ಸೀಟು ತಗ್ಗಿನಲ್ಲಿರುತ್ತದೆ, ಅಂದರೆ ಮಗುವಿನ ಮೂಗು ಸೈಲೆನ್ಸರ್ ಹೊಗೆ ಬರುವ ಎತ್ತರಕ್ಕೇ ಇರುತ್ತದೆ. ಸಿಗ್ನಲ್ ಹತ್ತಿರ ಕಾಯುವಾಗ ಗಾಡಿಯನ್ನು ರಸ್ತೆ ಅಂಚಿನಿಂದ ಹಿಂದಕ್ಕೆ ಎಳೆದುಕೊಳ್ಳಿ. ಮಳೆ ಕವರ್, ಸೊಳ್ಳೆ ಪರದೆ ಬೇರೆ ತಗೊಳ್ಳಬಹುದು, ಅದಕ್ಕಾಗಿ ಗಾಡಿ ಬದಲಾಯಿಸಬೇಡಿ. ಕಪ್ ಹೋಲ್ಡರ್ ಬಗ್ಗೆ ಕೇಳಲೇಬೇಡಿ.

ಅಂಗಡಿಯಲ್ಲಿ ಖಾಲಿ ಗಾಡಿ ತಳ್ಳಿದರೆ ಎಲ್ಲವೂ ಚೆನ್ನಾಗೇ ಓಡುತ್ತದೆ. ಕಾರಿನಲ್ಲಿ 10 ಕೆಜಿ ಅಕ್ಕಿ ಚೀಲ ಇಟ್ಟುಕೊಂಡು ಹೋಗಿ, ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ, ಅಂಗಡಿಯವರನ್ನು ಕೇಳಿ ಹೊರಗೆ ಫುಟ್‌ಪಾತ್ ಮೇಲೆ ತಳ್ಳಿ. ನಗುತ್ತಾರೆ, ನಗಲಿ. ಒಂದು ಕೈಯಲ್ಲಿ ತಿರುಗಿಸಿ, ಒಂದು ಮೆಟ್ಟಿಲು ಹತ್ತಿಸಿ ಇಳಿಸಿ, ಬ್ರೇಕ್ ಹಾಕಿ ಅಲ್ಲಾಡಿಸಿ, ನೀವೇ ಮಡಚಿ ಬಿಚ್ಚಿ. ಮಡಚುವ ಕೀಲಿನಲ್ಲಿ ಬೆರಳು ಸಿಕ್ಕುವ ಜಾಗ ಇದೆಯಾ ಅಂತಲೂ ನೋಡಿ, ಮಡಚುವಾಗ ಮಗು ಪಕ್ಕದಲ್ಲಿ ಇರಬಾರದು. ಆನ್‌ಲೈನ್‌ನಲ್ಲಿ ತರಿಸಿದರೆ ಇದೇ ಪರೀಕ್ಷೆಯನ್ನು ವಾಪಸ್ ಕೊಡುವ ಗಡುವಿನ ಒಳಗೆ ಮುಗಿಸಿ, ಅಲ್ಲಿಯವರೆಗೂ ಡಬ್ಬ ಎಸೆಯಬೇಡಿ. ಹೊರದೇಶದ ಬ್ರ್ಯಾಂಡ್ ಆದರೆ ಗಾಡಿ ಬರುವಾಗಲೇ ಎರಡು ಟ್ಯೂಬ್ ಜಾಸ್ತಿ ತರಿಸಿಕೊಳ್ಳಿ.