ಸೊಂಟದ ಕೀಲು ಹೊಸದು, ನಡಿಗೆ ಇನ್ನೂ ಹಳೆಯದು

ಸೊಂಟದ ಕೀಲು ಬದಲಾಯಿಸಿಕೊಂಡವರನ್ನು ಎಲ್ಲರೂ ಕೇಳುವುದು ಒಂದೇ: "ಈಗ ಎಷ್ಟು ದೂರ ನಡೀತೀರಿ?" ನನಗೆ ದೂರದ ಚಿಂತೆ ಇರಲಿಲ್ಲ. ಕುಂಟದೆ ನಡೆಯಬೇಕು, ಅಷ್ಟೇ.

ಕೀಲು ಸವೆದು ನೋಯುತ್ತಿದ್ದ ವರ್ಷಗಳಲ್ಲಿ ಆ ಕಾಲಿನ ಮೇಲೆ ಭಾರ ಬೀಳದ ಹಾಗೆ ನಡೆದು ನಡೆದು, ಸೊಂಟದ ಪಕ್ಕದ ಸ್ನಾಯು ಸೊರಗಿಹೋಗಿತ್ತು. ಗ್ಲೂಟಿಯಸ್ ಮೀಡಿಯಸ್ ಅಂತಾರೆ. ಒಂಟಿ ಕಾಲಲ್ಲಿ ನಿಂತಾಗ ಸೊಂಟ ಇನ್ನೊಂದು ಕಡೆ ವಾಲದಂತೆ ಹಿಡಿಯುವುದು ಇದೇ. ಆಪರೇಷನ್ ಆದ ತಕ್ಷಣ ಕೀಲಿನ ಹಳೇ ನೋವು ಹೋಯಿತು. ಆದರೆ ಸ್ನಾಯುವಿಗೆ ಬಲ ಎಲ್ಲಿಂದ ಬರಬೇಕು? ಅದನ್ನು ನಾವೇ ತರಿಸಬೇಕು.

ಮೊದಮೊದಲು ವಾಕರ್ ಹಿಡಿದು ನಡಿಗೆ. ರಕ್ತ ಹೆಪ್ಪುಗಟ್ಟಬಾರದು ಅಂತ ಮಲಗಿದಲ್ಲೇ ಪಾದ ಮೇಲೆ ಕೆಳಗೆ ಆಡಿಸುವುದು, ತೊಡೆ ಬಿಗಿಹಿಡಿದು ಬಿಡುವುದು. ನನಗೆ ಹಿಂಭಾಗದಿಂದ ಕೊಯ್ದು ಕೀಲು ಹಾಕಿದ್ದರು. ಹಾಗಾಗಿ ಸೊಂಟ 90 ಡಿಗ್ರಿಗಿಂತ ಜಾಸ್ತಿ ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಿಸಬಾರದು. ಇಲ್ಲದಿದ್ದರೆ ಕೀಲು ಜಾರಬಹುದು. ಮುಂಭಾಗದಿಂದ ಮಾಡಿಸಿಕೊಂಡವರಿಗೆ ನಿಯಮ ಬೇರೆ. ಇದರಲ್ಲಿ ನಿಮ್ಮ ಸರ್ಜನ್ ಮಾತೇ ಕೊನೆ.

ವಾಕರ್ ಬಿಟ್ಟ ಮೇಲೆ ಕೋಲನ್ನು ಆಪರೇಷನ್ ಆಗದ ಕಡೆಯ ಕೈಯಲ್ಲಿ ಹಿಡಿದೆ. ನೋವಿರುವ ಕಡೆಗೇ ಹಿಡಿಯಬೇಕು ಅಂತ ಅನ್ನಿಸುತ್ತೆ ಅಲ್ವಾ? ಎದುರು ಕೈಯಲ್ಲಿ ಹಿಡಿದರೇನೇ ಆ ಸೊರಗಿದ ಸ್ನಾಯುವಿನ ಹೊರೆ ಇಳಿಯುವುದು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ನನ್ನ ನಿಜವಾದ ವ್ಯಾಯಾಮ ಕನ್ನಡಿ ಮುಂದೆ ನಡೆಯಿತು. ಮೇಜು ಹಿಡಿದು ನೆಟ್ಟಗೆ ನಿಂತು, ಕಾಲನ್ನು ಪಕ್ಕಕ್ಕೆ ಸ್ವಲ್ಪವೇ ಎತ್ತುವುದು. ಹೆಬ್ಬೆರಳು ಮುಂದಕ್ಕೇ ನೋಡಬೇಕು. ಹೊರಕ್ಕೆ ತಿರುಗಿದರೆ ತೊಡೆಯ ಮುಂಭಾಗ ಕೆಲಸ ಮಾಡುತ್ತದೆ, ಬೇಕಾದ ಸ್ನಾಯು ಸುಮ್ನೆ ಕೂತಿರುತ್ತದೆ. ಮೈ ಆಚೆ ವಾಲಿಸಿ ಕಾಲು ಎತ್ತರಕ್ಕೆ ಹೋದರೆ ಅದೂ ಲೆಕ್ಕಕ್ಕಿಲ್ಲ. ಆಮೇಲೆ ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು. ಅದು ಸಲೀಸಾದ ಮೇಲೆ ಬೆರಳ ತುದಿಯಷ್ಟೇ ಮೇಜಿಗೆ ತಾಗಿಸಿ, ಆಪರೇಷನ್ ಆದ ಕಾಲಿನ ಮೇಲೆ ಒಂಟಿಯಾಗಿ ನಿಲ್ಲುವುದು. ಕನ್ನಡಿಯಲ್ಲಿ ಬೆಲ್ಟಿನ ಗೆರೆ ನೋಡಿಕೊಳ್ಳುತ್ತಿದ್ದೆ. ಎತ್ತಿದ ಕಾಲಿನ ಕಡೆ ಅದು ಇಳಿದರೆ ಕೋಲು ಬಿಡುವ ಸಮಯ ಬಂದಿಲ್ಲ ಅಂತ ಅರ್ಥ. ಕೋಲು ಬೇಗ ಬಿಟ್ಟು ಕುಂಟುವುದಕ್ಕಿಂತ ಕೋಲು ಹಿಡಿದು ನೆಟ್ಟಗೆ ನಡೆಯುವುದೇ ಸರಿ. ಈ ವಿಷಯದಲ್ಲಿ ನಾನು ಬಹಳ ಗಟ್ಟಿ.

ಎಷ್ಟು ಮಾಡಬೇಕು ಅನ್ನುವುದನ್ನು ಮರುದಿನದ ಬೆಳಗು ಹೇಳುತ್ತಿತ್ತು. ಸಂಜೆ ಸ್ವಲ್ಪ ಊತ, ಸುಸ್ತು ಇದ್ದೇ ಇರುತ್ತದೆ. ಬೆಳಗ್ಗೆಯೂ ನೋವು ಜಾಸ್ತಿ ಉಳಿದಿದ್ದರೆ ಆ ದಿನ ಕಡಿಮೆ ಮಾಡುತ್ತಿದ್ದೆ. ಆದರೆ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಜ್ವರ, ಗಾಯದಿಂದ ಸೋರುವುದು, ಇದ್ದಕ್ಕಿದ್ದಂತೆ ಕಾಲೂರಲು ಆಗದಿರುವುದು ಕಂಡರೆ ಬೆಳಗಿನವರೆಗೆ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಸೀಟು ಎತ್ತರಿಸಿದ ವ್ಯಾಯಾಮದ ಸೈಕಲ್ ಆಮೇಲೆ ಸೇರಿತು. ಗಾಯ ಪೂರ್ತಿ ಮಾಗಿ, ಡಾಕ್ಟರ್ ಒಪ್ಪಿದ ಮೇಲೆ ಈಜು. ಕಪ್ಪೆಯಂತೆ ಕಾಲು ಬಡಿಯುವ ಈಜು ಮಾತ್ರ ತುಂಬಾ ದಿನ ಬೇಡ ಎಂದರು. ಓಟ, ಜಿಗಿತ ಬಿಟ್ಟಿದ್ದೇನೆ, ಕೀಲು ಬಹುಕಾಲ ಬಾಳಲಿ ಅಂತ. ಪಕ್ಕಕ್ಕೆ ಕಾಲೆತ್ತುವ ವ್ಯಾಯಾಮವನ್ನು ಈಗಲೂ ಬಿಟ್ಟಿಲ್ಲ.